‘ಇವತ್ತು ಮನೆಗೆ ಹೋಗಬಹುದು’ ಎಂದ ಮೇಲೆ: ಆಸ್ಪತ್ರೆ ಬಿಲ್, ವಿಮೆ ಮತ್ತು ಮನೆಯ ಸಿದ್ಧತೆ

ಬೆಳಗಿನ ರೌಂಡ್ಸಿಗೆ ಬಂದ ವೈದ್ಯರು ‘ಇವತ್ತು ಮನೆಗೆ ಹೋಗಬಹುದು’ ಎಂದು ಹೇಳಿ ಮುಂದಿನ ಹಾಸಿಗೆಯತ್ತ ನಡೆಯುತ್ತಾರೆ. ಹತ್ತು ಗಂಟೆಗೆಲ್ಲ ರೋಗಿ ಬಟ್ಟೆ ಬದಲಿಸಿ, ಚೀಲ ಕಟ್ಟಿಸಿಕೊಂಡು ಸಿದ್ಧ. ಆದರೆ ಕಾರು ಆಸ್ಪತ್ರೆಯ ಗೇಟು ದಾಟುವಷ್ಟರಲ್ಲಿ ಎಷ್ಟೋ ಸಲ ದೀಪ ಹಚ್ಚುವ ಹೊತ್ತಾಗಿರುತ್ತದೆ. ಈ ನಡುವೆ ಮನೆಯವರು ಹಸಿದಿರುತ್ತಾರೆ, ದಣಿದಿರುತ್ತಾರೆ, ಹೊರಟರೆ ಸಾಕು ಎಂದು ಮುಂದಿಟ್ಟ ಕಾಗದಕ್ಕೆಲ್ಲ ಸಹಿ ಹಾಕುತ್ತಾರೆ. ಮುಂದೆ ತಿಂಗಳುಗಟ್ಟಲೆ ಕಾಡುವ ತಪ್ಪುಗಳು ನುಸುಳುವುದು ಈ ಆತುರದಲ್ಲೇ.

ಹಾಗಾಗಿ ಎರಡು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಡಿಸ್ಚಾರ್ಜ್ ಎನ್ನುವುದು ಕೊನೆಯ ದಿನದ ಕೆಲಸವಲ್ಲ, ದಾಖಲಾದ ದಿನವೇ ಶುರುವಾಗಬೇಕು. ಮತ್ತು ಆ ದಿನ ಕೈಗೆ ಬರುವ ಕಾಗದಗಳಲ್ಲಿ ಎಲ್ಲರೂ ಕಣ್ಣಿಡುವ ಬಿಲ್ಲಿಗಿಂತ, ಯಾರೂ ಓದದ ಡಿಸ್ಚಾರ್ಜ್ ಸಮ್ಮರಿಯೇ (ಕಾಯಿಲೆ, ಚಿಕಿತ್ಸೆ, ಮುಂದಿನ ಔಷಧಿಗಳ ವಿವರವಿರುವ ಕಾಗದ) ಹೆಚ್ಚು ಬೆಲೆಯದ್ದು. ಇಲ್ಲಿ ಹೇಳಿರುವುದೆಲ್ಲ ಮುಖ್ಯವಾಗಿ ಕರ್ನಾಟಕದ ಖಾಸಗಿ ಆಸ್ಪತ್ರೆಗಳಿಗೆ ಸಂಬಂಧಿಸಿದ್ದು.

ತಡ ಎಲ್ಲಿ ಆಗುತ್ತದೆ?

ವೈದ್ಯರ ಮಾತಿನ ನಂತರ ಡ್ಯೂಟಿ ವೈದ್ಯರು ಸಮ್ಮರಿಯ ಕರಡು ಟೈಪ್ ಮಾಡಿಸಬೇಕು, ಹಿರಿಯ ವೈದ್ಯರು ಅದನ್ನು ನೋಡಿ ಸಹಿ ಹಾಕಬೇಕು. ಅಷ್ಟರಲ್ಲಿ ನರ್ಸ್ ಉಳಿದ ಔಷಧಿಗಳನ್ನು ಫಾರ್ಮಸಿಗೆ ವಾಪಸು ಕಳಿಸಬೇಕು. ಫಾರ್ಮಸಿ, ಲ್ಯಾಬ್, ಆಪರೇಷನ್ ಥಿಯೇಟರ್, ಕ್ಯಾಂಟೀನ್ ಎಲ್ಲವೂ ‘ನಮ್ಮ ಲೆಕ್ಕ ಮುಗಿಯಿತು’ ಎಂದ ಮೇಲೆ ಬಿಲ್ಲಿಂಗ್ ವಿಭಾಗ ಅಂತಿಮ ಬಿಲ್ ತಯಾರಿಸುತ್ತದೆ. ವಿಮೆ ಇದ್ದರೆ ಆ ಬಿಲ್ಲೂ ಸಮ್ಮರಿಯೂ ವಿಮಾ ಕಂಪನಿಗೆ ಅಥವಾ ಅದರ ಪರವಾಗಿ ಕೆಲಸ ಮಾಡುವ ಟಿಪಿಎಗೆ ಹೋಗುತ್ತವೆ. ಅಲ್ಲಿಂದ ಒಪ್ಪಿಗೆ ಬಂದು, ಬಾಕಿ ಕಟ್ಟಿ, ಗೇಟ್ ಪಾಸ್ ಪಡೆದರೆ ಬಿಡುಗಡೆ. ಒಂದು ಕಡೆ ಕಾಗದ ನಿಂತರೆ ಮುಂದಿನವರೆಲ್ಲ ಕಾಯುತ್ತಾರೆ. ಆದ್ದರಿಂದ ‘ಯಾಕೆ ಇಷ್ಟು ತಡ?’ ಎಂದು ರೇಗುವ ಬದಲು ‘ಫೈಲ್ ಈಗ ಯಾರ ಬಳಿ ಇದೆ?’ ಎಂದು ಕೇಳಿ. ಬೇಗ ಉತ್ತರ ಸಿಗುವ ಪ್ರಶ್ನೆ ಅದು.

ಹಂತ 1: ದಾಖಲಾದ ದಿನವೇ ಮಾಡಬೇಕಾದ್ದು

ಅಂದಾಜು ವೆಚ್ಚವನ್ನು ಬರೆದು ಕೊಡಲು ಕೇಳಿ. ಬಾಯಿಮಾತಿನ ‘ಒಂದೂವರೆ, ಎರಡು ಆಗಬಹುದು’ ಕೊನೆಗೆ ಯಾರಿಗೂ ನೆನಪಿರುವುದಿಲ್ಲ. ಆ ಅಂದಾಜಿನಲ್ಲಿ ಇಂಪ್ಲಾಂಟ್ (ಸ್ಟೆಂಟ್, ಕೃತಕ ಮಂಡಿಯಂತೆ ದೇಹದೊಳಗೆ ಅಳವಡಿಸುವ ಸಾಧನ), ರಕ್ತ, ಐಸಿಯು ದಿನಗಳು ಸೇರಿವೆಯೇ ಎಂದೂ ಕೇಳಿ. ಖಾಸಗಿ ಆಸ್ಪತ್ರೆಗಳು ತಮ್ಮ ದರಪಟ್ಟಿಯನ್ನು ಪ್ರದರ್ಶಿಸಬೇಕೆಂಬ ನಿಯಮ ಕೆಪಿಎಂಇ ಎಂದೇ ಹೆಸರಾದ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲಿದೆ.

ಕೊಠಡಿ ಆರಿಸುವ ಮೊದಲು ಪಾಲಿಸಿಯಲ್ಲಿ ಕೊಠಡಿ ಬಾಡಿಗೆಯ ಮಿತಿ ಎಷ್ಟಿದೆ ನೋಡಿ. ಕೊನೆಯ ದಿನದ ದೊಡ್ಡ ಆಘಾತ ಹುಟ್ಟುವುದೇ ಇಲ್ಲಿ. 5 ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ ಶೇ 1, ಅಂದರೆ 5,000 ರೂಪಾಯಿ ಮಿತಿ ಇದೆ ಎನ್ನಿ. ನೀವು 8,000 ರೂಪಾಯಿಯ ಕೊಠಡಿಯಲ್ಲಿ 4 ದಿನ ಇದ್ದರೆ ಕೈಯಿಂದ ಹೋಗುವುದು 12,000 ಮಾತ್ರ ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಆದರೆ ಅನೇಕ ಪಾಲಿಸಿಗಳಲ್ಲಿ ಅದೇ ಅನುಪಾತದ ಕಡಿತ ಶಸ್ತ್ರಚಿಕಿತ್ಸಕರ ಶುಲ್ಕ, ಅರಿವಳಿಕೆ, ಥಿಯೇಟರ್ ಬಾಡಿಗೆಗಳಿಗೂ ತಗಲುತ್ತದೆ. ಇವೆಲ್ಲ ಸೇರಿ 1,60,000 ಆಗಿದ್ದರೆ ವಿಮೆ ಕೊಡುವುದು 8ರಲ್ಲಿ 5 ಪಾಲು, ಅಂದರೆ 1,00,000. ಉಳಿದ 60,000 ನಿಮ್ಮದೇ. ಒಂದು ಸಮಾಧಾನವೆಂದರೆ ಔಷಧಿ, ಇಂಪ್ಲಾಂಟ್, ಪರೀಕ್ಷೆಗಳ ವೆಚ್ಚಕ್ಕೆ ಈ ಅನುಪಾತದ ಕಡಿತ ಹಾಕುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಹೇಳಿದೆ. ಹಾಕಿದ್ದರೆ ಪ್ರಶ್ನಿಸಿ.

ಯೋಜಿತ ಚಿಕಿತ್ಸೆಯಾದರೆ ಸಾಮಾನ್ಯವಾಗಿ 48 ಗಂಟೆ ಮೊದಲು, ತುರ್ತು ದಾಖಲಾತಿಯಾದರೆ 24 ಗಂಟೆಯೊಳಗೆ ವಿಮಾ ಕಂಪನಿಗೆ ತಿಳಿಸಬೇಕು. ನಿಮ್ಮ ಪಾಲಿಸಿಯಲ್ಲಿ ಏನು ಬರೆದಿದೆಯೋ ಅದನ್ನೇ ಅನುಸರಿಸಿ. ಆಮೇಲೆ ಒಂದು ಗಟ್ಟಿ ಫೈಲ್ ತೆಗೆದುಕೊಂಡು ಅಡ್ವಾನ್ಸ್ ಕಟ್ಟಿದ ರಸೀದಿ, ಹೊರಗೆ ಕೊಂಡ ಔಷಧಿಯ ಬಿಲ್, ಸ್ಕ್ಯಾನ್ ವರದಿ ಎಲ್ಲವನ್ನೂ ತಾರೀಖಿನ ಕ್ರಮದಲ್ಲಿ ಹಾಕುತ್ತಾ ಹೋಗಿ. ಪ್ರತಿಯೊಂದಕ್ಕೂ ಮೊಬೈಲಿನಲ್ಲಿ ಫೋಟೋ ಇರಲಿ. ಥರ್ಮಲ್ ಕಾಗದದ ರಸೀದಿಗಳು ಕೆಲವೇ ತಿಂಗಳಲ್ಲಿ ಬೆಳ್ಳಗಾಗಿಬಿಡುತ್ತವೆ.

ದಿನ ಬಿಟ್ಟು ದಿನ ಮಧ್ಯಂತರ ಬಿಲ್ ಕೇಳಿ ಪಡೆಯಿರಿ. ಮೂರು ಪುಟದ ಬಿಲ್ಲನ್ನು ಶಾಂತವಾಗಿ ಓದಬಹುದು. ಕೊನೆಯ ದಿನ ನಲವತ್ತು ಪುಟದ್ದನ್ನು ಕೌಂಟರಿನ ಮುಂದೆ ನಿಂತು ಓದಲಾಗುವುದಿಲ್ಲ.

ಹಂತ 2: ಹಿಂದಿನ ದಿನ ವೈದ್ಯರಿಗೆ ಕೇಳಬೇಕಾದ್ದು

ಡಿಸ್ಚಾರ್ಜ್ ಯಾವಾಗ ಎಂದು ಒಂದು ದಿನ ಮುಂಚೆ ಕೇಳಿಕೊಂಡರೆ ಸಮ್ಮರಿಯ ಕರಡು ಹಿಂದಿನ ಸಂಜೆಯೇ ಸಿದ್ಧವಾಗುವಂತೆ ವಿನಂತಿಸಬಹುದು. ಚೆಕ್-ಔಟ್ ಸಮಯ ಎಷ್ಟು, ಅದು ದಾಟಿದರೆ ಅರ್ಧ ದಿನದ ಬಾಡಿಗೆಯೋ ಪೂರ್ತಿಯೋ ಎಂದೂ ತಿಳಿದಿರಲಿ. ಮಂಗಳವಾರ, ಅಮಾವಾಸ್ಯೆ ಎಂದು ಒಂದು ದಿನ ಮುಂದೂಡುವ ಮನೆಗಳಿವೆ. ನಂಬಿಕೆ ಅವರವರದು, ಆದರೆ ವೈದ್ಯಕೀಯ ಕಾರಣವಿಲ್ಲದ ಆ ಹೆಚ್ಚುವರಿ ದಿನದ ಬಿಲ್ಲನ್ನು ವಿಮಾ ಕಂಪನಿ ಕೊಡುವುದಿಲ್ಲ. ಬೆಳಗ್ಗೆ ರಾಹುಕಾಲ ಕಳೆಯುವವರೆಗೆ ಕಾಯುವುದಕ್ಕೆ ಮಾತ್ರ ಯಾವ ಖರ್ಚೂ ಇಲ್ಲ. ಅಷ್ಟು ಹೊತ್ತು ಹೇಗೂ ಬಿಲ್ಲಿಂಗ್ ವಿಭಾಗವೇ ಕಾಯಿಸುತ್ತದೆ.

ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡಿರಿ. ರೌಂಡ್ಸಿನ ಎರಡು ನಿಮಿಷದಲ್ಲಿ ಎಲ್ಲ ಮರೆತುಹೋಗುತ್ತದೆ. ಮುಖ್ಯವಾದ ಕೆಲವು:

- ದಾಖಲಾಗುವ ಮೊದಲು ತೆಗೆದುಕೊಳ್ಳುತ್ತಿದ್ದ ಬಿಪಿ, ಸಕ್ಕರೆ, ಥೈರಾಯ್ಡ್ ಮಾತ್ರೆಗಳಲ್ಲಿ ಯಾವುದು ಮುಂದುವರಿಯಬೇಕು, ಯಾವುದು ನಿಲ್ಲಬೇಕು?
- ಇನ್ನೂ ಬರಬೇಕಾದ ವರದಿಗಳಿವೆಯೇ? ಬಯಾಪ್ಸಿ, ಕಲ್ಚರ್ ವರದಿಗಳು ಬರಲು ದಿನಗಳು ಬೇಕು. ಬಂದಾಗ ಯಾರು ತಿಳಿಸುತ್ತಾರೆ?
- ಹೊಲಿಗೆ ಬಿಚ್ಚುವುದು ಯಾವಾಗ, ಸ್ನಾನ ಯಾವಾಗಿನಿಂದ, ಮೆಟ್ಟಿಲು ಹತ್ತಬಹುದೇ, ಎಷ್ಟು ಭಾರ ಎತ್ತಬಹುದು?
- ರಾತ್ರಿ ತೊಂದರೆಯಾದರೆ ಯಾವ ಸಂಖ್ಯೆಗೆ ಕರೆ ಮಾಡಬೇಕು?

ಇದಕ್ಕಿಂತ ಮುಖ್ಯವಾದದ್ದು ಕೈಯಿಂದ ಮಾಡಿ ಕಲಿಯುವ ಕೆಲಸ. ಇನ್ಸುಲಿನ್ ಚುಚ್ಚುವುದು, ಮೂಗಿನ ಕೊಳವೆಯಲ್ಲಿ ಆಹಾರ ಕೊಡುವುದು, ಮೂತ್ರದ ಚೀಲ ಖಾಲಿ ಮಾಡುವುದು, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು ಇವನ್ನು ನರ್ಸ್ ಮಾಡುವುದನ್ನು ನೋಡಿದರೆ ಸಾಲದು. ಅವರೆದುರಿಗೇ ನೀವು ಒಂದೆರಡು ಸಲ ಮಾಡಿ ತೋರಿಸಿ. ಮನೆಯಲ್ಲಿ ನಿಜವಾಗಿ ಆರೈಕೆ ಮಾಡುವವರು ಯಾರೋ ಅವರೇ ಕಲಿಯಬೇಕು. ಬಿಲ್ ಕಟ್ಟುವ ಮಗ ಕಲಿತು, ಮನೆಯಲ್ಲಿ ನೋಡಿಕೊಳ್ಳುವ ಸೊಸೆಗೆ ಏನೂ ಗೊತ್ತಿಲ್ಲದ ಸ್ಥಿತಿ ನಮ್ಮಲ್ಲಿ ಸಾಮಾನ್ಯ.

ಹಂತ 3: ಡಿಸ್ಚಾರ್ಜ್ ಸಮ್ಮರಿಯನ್ನು ಸಾಲು ಸಾಲಾಗಿ ಓದಿ

ಮುಂದಿನ ವೈದ್ಯರು ನೋಡುವುದು ಇದನ್ನು. ವಿಮಾ ಕಂಪನಿ ಹಣ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ಇದರ ಮೇಲೆ. ಸಹಿ, ಮೊಹರು ಬೀಳುವ ಮೊದಲೇ ಕರಡನ್ನು ಕೇಳಿ ಪಡೆದು ಓದಿ.

ಹೆಸರು, ವಯಸ್ಸು ಆಧಾರ್ ಮತ್ತು ಪಾಲಿಸಿಯಲ್ಲಿ ಇರುವಂತೆಯೇ ಇರಬೇಕು. ಒಂದು ಕಡೆ ಊರಿನ ಹೆಸರು ಮುಂದೆ, ಇನ್ನೊಂದು ಕಡೆ ತಂದೆಯ ಹೆಸರು ಹಿಂದೆ ಎಂಬ ನಮ್ಮ ಪದ್ಧತಿ ವಿಮಾ ಕಂಪನಿಗೆ ಅರ್ಥವಾಗುವುದಿಲ್ಲ. ದಾಖಲಾದ, ಬಿಡುಗಡೆಯಾದ ದಿನಾಂಕ ಮತ್ತು ಸಮಯ ಸರಿ ಇವೆಯೇ ನೋಡಿ. ಬಲಗಾಲಿನ ಬದಲು ಎಡಗಾಲು ಎಂದು ಟೈಪ್ ಆಗಿರುವುದೂ ಉಂಟು. ಹಳೆಯ ರೋಗಿಯ ಸಮ್ಮರಿಯ ಮೇಲೇ ಹೊಸದನ್ನು ಬರೆಯುವ ಅಭ್ಯಾಸದ ಫಲ ಇದು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ‘ಹಿಂದಿನ ಕಾಯಿಲೆಗಳು’ ಎಂಬ ಭಾಗದಲ್ಲಿ. ಎರಡು ವರ್ಷದ ಹಿಂದೆ ಪತ್ತೆಯಾದ ಸಕ್ಕರೆ ಕಾಯಿಲೆಯನ್ನು ತುರ್ತು ವಿಭಾಗದಲ್ಲಿ ಯಾರೋ ನೆಂಟರು ‘ಹತ್ತು ವರ್ಷ ಆಗಿರಬೇಕು’ ಎಂದಿರುತ್ತಾರೆ, ಅದು ಹಾಗೆಯೇ ದಾಖಲಾಗಿರುತ್ತದೆ. ಪಾಲಿಸಿ ತೆಗೆದುಕೊಂಡು ಮೂರು ವರ್ಷವಾಗಿದ್ದರೆ, ಮೊದಲೇ ಇದ್ದ ಕಾಯಿಲೆಯನ್ನು ಮುಚ್ಚಿಟ್ಟಿದ್ದೀರಿ ಎಂದು ಕಂಪನಿ ಕ್ಲೇಮನ್ನೇ ತಿರಸ್ಕರಿಸಬಹುದು. ಸತ್ಯ ಏನಿದೆಯೋ ಅದನ್ನೇ ಬರೆಸಿ, ಮೊದಲು ಪತ್ತೆಯಾದ ಹಳೆಯ ವರದಿ ಇದ್ದರೆ ತೋರಿಸಿ. ತಪ್ಪನ್ನು ಅಂದೇ ತಿದ್ದಿಸುವುದು ಸುಲಭ. ಕ್ಲೇಮ್ ತಿರಸ್ಕೃತವಾದ ಮೇಲೆ ತಿದ್ದಿದ ಸಮ್ಮರಿಯನ್ನು ಎಲ್ಲರೂ ಅನುಮಾನದಿಂದ ನೋಡುತ್ತಾರೆ. ಹಾಗೆಂದು ಇದ್ದ ಕಾಯಿಲೆಯನ್ನು ಅಳಿಸಲು ವೈದ್ಯರನ್ನು ಒತ್ತಾಯಿಸಬೇಡಿ. ಅದು ವಂಚನೆ. ಅಂದಹಾಗೆ, ಪಾಲಿಸಿ ಸತತವಾಗಿ 60 ತಿಂಗಳು ನಡೆದಿದ್ದರೆ, ವಂಚನೆ ಸಾಬೀತಾದ ಹೊರತು, ‘ಮೊದಲೇ ಹೇಳಿರಲಿಲ್ಲ’ ಎಂಬ ಕಾರಣಕ್ಕೆ ಕ್ಲೇಮ್ ನಿರಾಕರಿಸುವಂತಿಲ್ಲ.

ಔಷಧಿ ಪಟ್ಟಿಯಲ್ಲಿ 1-0-1 ಎಂದರೆ ಬೆಳಗ್ಗೆ ಒಂದು, ರಾತ್ರಿ ಒಂದು. ಒಡಿ (OD) ದಿನಕ್ಕೊಮ್ಮೆ, ಬಿಡಿ (BD) ಎರಡು ಸಲ, ಟಿಡಿಎಸ್ (TDS) ಮೂರು ಸಲ, ಎಚ್‌ಎಸ್ (HS) ಮಲಗುವಾಗ, ಎಸ್‌ಒಎಸ್ (SOS) ಬೇಕೆನಿಸಿದಾಗ ಮಾತ್ರ. ನಿಜವಾದ ಅಪಾಯ ಬೇರೆ: ಮನೆಯಲ್ಲಿ ಈಗಾಗಲೇ ಇರುವ ಬಿಪಿ ಮಾತ್ರೆಯೂ ಆಸ್ಪತ್ರೆ ಬರೆದ ಹೊಸ ಮಾತ್ರೆಯೂ ಬ್ರಾಂಡ್ ಬೇರೆಯಾದರೂ ಒಳಗೆ ಒಂದೇ ಟೆಲ್ಮಿಸಾರ್ಟನ್ ಆಗಿರಬಹುದು. ಎರಡನ್ನೂ ನುಂಗಿದ ಹಿರಿಯರು ತಲೆ ಸುತ್ತಿ ಬೀಳುತ್ತಾರೆ. ಸಣ್ಣ ಅಕ್ಷರದಲ್ಲಿರುವ ಮೂಲ ಔಷಧಿಯ ಹೆಸರನ್ನು ಹೋಲಿಸಿ ನೋಡಿ, ಅನುಮಾನವಿದ್ದರೆ ಹಳೆಯ ಮಾತ್ರೆಗಳ ಡಬ್ಬಿಯನ್ನೇ ವೈದ್ಯರ ಮುಂದಿಡಿ.

ಹಂತ 4: ಬಿಲ್ ಓದುವ ಕ್ರಮ

ಒಂದು ಪುಟದ ಸಾರಾಂಶ ಸಾಲದು. ಪ್ರತಿ ವಸ್ತು, ಪ್ರತಿ ದಿನದ ವಿವರವಿರುವ ಬಿಲ್ ಕೇಳಿ. ಅದು ನಿಮ್ಮ ಹಕ್ಕು.

ಮೊದಲು ದಿನಗಳನ್ನು ಎಣಿಸಿ. ಐಸಿಯುನಿಂದ ವಾರ್ಡಿಗೆ ಬಂದ ದಿನ ಎರಡೂ ಕಡೆಯ ಬಾಡಿಗೆ ಬಿದ್ದಿದೆಯೇ? ವೈದ್ಯರ ಭೇಟಿಗಳನ್ನು ಲೆಕ್ಕ ಹಾಕಿ. ಒಂದೇ ಒಂದು ಸಲ ಬಂದು ಹೋದ ತಜ್ಞರ ಹೆಸರಿನಲ್ಲಿ ಪ್ರತಿದಿನದ ಶುಲ್ಕ ಇದ್ದರೆ ಕೇಸ್ ಶೀಟಿನಲ್ಲಿ (ಪ್ರತಿದಿನದ ಚಿಕಿತ್ಸೆಯ ದಾಖಲೆಯಲ್ಲಿ) ಅವರ ಟಿಪ್ಪಣಿ ಇದೆಯೇ ಎಂದು ಕೇಳಿ. ಮಾಡಿಸದ ಪರೀಕ್ಷೆ, ರದ್ದಾದ ಸ್ಕ್ಯಾನ್, ಎರಡು ಸಲ ದಾಖಲಾದ ರಕ್ತಪರೀಕ್ಷೆ ಇವೆಯೇ ನೋಡಿ.

ಫಾರ್ಮಸಿಯ ಪುಟಗಳಲ್ಲಿಯೇ ಹೆಚ್ಚು ಹಣ ಅಡಗಿರುತ್ತದೆ. ಬಳಸದೆ ಉಳಿದ ಇಂಜೆಕ್ಷನ್, ಸಿರಿಂಜ್, ಗ್ಲೌಸ್‌ಗಳನ್ನು ವಾಪಸು ಮಾಡಿದ್ದಕ್ಕೆ ಬಿಲ್ಲಿನಲ್ಲಿ ಕಡಿತ ಕಾಣಬೇಕು. ‘ರಿಟರ್ನ್ ಎಷ್ಟು ಬಂದಿದೆ?’ ಎಂದು ವಾರ್ಡಿನ ನರ್ಸಿಗೆ ಒಂದು ಮಾತು ಕೇಳಿದರೂ ಸಾಕು, ಎಷ್ಟೋ ಸಲ ಕಪಾಟಿನಲ್ಲಿ ಉಳಿದದ್ದು ಹೊರಗೆ ಬರುತ್ತದೆ.

ಹೃದಯದ ಸ್ಟೆಂಟ್ ಮತ್ತು ಮಂಡಿಯ ಇಂಪ್ಲಾಂಟ್‌ಗಳಿಗೆ 2017ರಿಂದ ಕೇಂದ್ರ ಸರ್ಕಾರದ ಬೆಲೆಮಿತಿ ಇದೆ. ಸ್ಟೆಂಟಿನ ಬ್ರಾಂಡ್, ತಯಾರಕರು, ಬ್ಯಾಚ್ ಸಂಖ್ಯೆ, ಬೆಲೆ ಎಲ್ಲವನ್ನೂ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸಬೇಕು. ಇಂಪ್ಲಾಂಟಿನ ಸ್ಟಿಕ್ಕರ್ ಅಂಟಿಸಿದ ಕಾಗದವನ್ನು ಕೇಳಿ ಪಡೆಯಿರಿ. ವಿಮೆಗೂ ಬೇಕು, ಮುಂದೆ ಎಂಆರ್‌ಐ ಮಾಡಿಸುವಾಗಲೂ ಬೇಕಾಗುತ್ತದೆ.

ಜಿಎಸ್‌ಟಿ ವಿಷಯದಲ್ಲಿ ಗೊಂದಲ ಬಹಳ. ಚಿಕಿತ್ಸೆಗೆ ಸಾಮಾನ್ಯವಾಗಿ ತೆರಿಗೆ ಇಲ್ಲ. 2022ರ ಜುಲೈ 18ರಿಂದ ಐಸಿಯು ಬಿಟ್ಟು ಉಳಿದ ಕೊಠಡಿಗಳಿಗೆ, ದಿನದ ಬಾಡಿಗೆ 5,000 ರೂಪಾಯಿ ದಾಟಿದರೆ ಮಾತ್ರ ಶೇ 5 ತೆರಿಗೆ ಬಂದಿದೆ. ಒಟ್ಟು ಬಿಲ್ಲಿನ ಮೇಲೆ ತೆರಿಗೆ ಹಾಕಿದ್ದರೆ ವಿವರ ಕೇಳಿ.

ತಪ್ಪು ಕಂಡರೆ ಬಿಲ್ಲಿನ ಮೇಲೆಯೇ ಗುರುತು ಹಾಕಿ, ಸಾಲಿನ ಸಂಖ್ಯೆ ಹೇಳಿ ಮಾತಾಡಿ. ‘ನೀವೆಲ್ಲ ಲೂಟಿ ಮಾಡುತ್ತೀರಿ’ ಎಂದರೆ ಕೌಂಟರಿನವರು ಕಿವಿ ಮುಚ್ಚಿಕೊಳ್ಳುತ್ತಾರೆ. ಆ ಕುರ್ಚಿಯಲ್ಲಿ ಕುಳಿತ ಹುಡುಗನಿಗೆ ದರ ಇಳಿಸುವ ಅಧಿಕಾರ ಇರುವುದಿಲ್ಲ. ಬಿಲ್ಲಿಂಗ್ ಮ್ಯಾನೇಜರ್ ಅಥವಾ ವೈದ್ಯಕೀಯ ಅಧೀಕ್ಷಕರ ಬಳಿ ಹೋಗಿ.

ಹಂತ 5: ಕ್ಯಾಷ್‌ಲೆಸ್ ಎಂದರೆ ಪೂರ್ತಿ ಉಚಿತವಲ್ಲ

ಕ್ಯಾಷ್‌ಲೆಸ್ ಎಂದರೆ ವಿಮಾ ಕಂಪನಿ ತನ್ನ ಪಾಲನ್ನು ನೇರವಾಗಿ ಆಸ್ಪತ್ರೆಗೇ ಕಟ್ಟುವ ವ್ಯವಸ್ಥೆ. 2024ರ ಮೇ ತಿಂಗಳಲ್ಲಿ ಐಆರ್‌ಡಿಎಐ ಹೊರಡಿಸಿದ ಸುತ್ತೋಲೆಯ ಪ್ರಕಾರ ಆರಂಭದ ಕ್ಯಾಷ್‌ಲೆಸ್ ಕೋರಿಕೆಗೆ 1 ಗಂಟೆಯೊಳಗೆ, ಡಿಸ್ಚಾರ್ಜ್ ವೇಳೆಯ ಅಂತಿಮ ಕೋರಿಕೆಗೆ 3 ಗಂಟೆಯೊಳಗೆ ವಿಮಾ ಕಂಪನಿ ಉತ್ತರಿಸಬೇಕು. 3 ಗಂಟೆ ದಾಟಿದ್ದರಿಂದ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದನ್ನು ಭರಿಸಬೇಕಾದದ್ದೂ ಕಂಪನಿಯೇ.

ಆದರೆ ಈ ಗಡಿಯಾರ ಶುರುವಾಗುವುದು ವೈದ್ಯರು ‘ಹೋಗಬಹುದು’ ಎಂದಾಗ ಅಲ್ಲ, ಆಸ್ಪತ್ರೆಯ ಕೋರಿಕೆ ಕಂಪನಿಗೆ ತಲುಪಿದಾಗ. ಬೆಳಗ್ಗೆ ಒಂಬತ್ತಕ್ಕೆ ಮಾತು, ಮಧ್ಯಾಹ್ನ ಎರಡಕ್ಕೆ ಕೋರಿಕೆ ಎಂದಾದರೆ ನಡುವಿನ ಐದು ಗಂಟೆ ಆಸ್ಪತ್ರೆಯ ಲೆಕ್ಕದ್ದು. ಆದ್ದರಿಂದ ವಿಮಾ ಡೆಸ್ಕಿನಲ್ಲಿ ‘ಅಂತಿಮ ಕೋರಿಕೆಯನ್ನು ಎಷ್ಟು ಗಂಟೆಗೆ ಕಳಿಸಿದಿರಿ?’ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಕಂಪನಿಯಿಂದ ಬರುವ ಎಸ್‌ಎಂಎಸ್ ನೋಡುತ್ತಿರಿ. ಅವರು ಹೆಚ್ಚಿನ ಮಾಹಿತಿ ಕೇಳಿದ್ದರೆ, ಅಂದರೆ ಆಸ್ಪತ್ರೆಯ ಭಾಷೆಯಲ್ಲಿ ‘ಕ್ವೆರಿ ಬಂದಿದ್ದರೆ’, ಅದೇನೆಂದು ತಿಳಿದು ಸಂಬಂಧಪಟ್ಟ ವೈದ್ಯರ ಬಳಿ ನೀವೇ ನಡೆದು ಹೋಗಿ.

ಒಪ್ಪಿಗೆ ಬಂದ ಮೇಲೂ ಕೈಯಿಂದ ಕಟ್ಟಬೇಕಾದದ್ದು ಇರುತ್ತದೆ: ಪಾಲಿಸಿಯ ಸಹಪಾವತಿ (ಬಿಲ್ಲಿನಲ್ಲಿ ನೀವೇ ಭರಿಸಬೇಕೆಂದು ಪಾಲಿಸಿ ಹೇಳುವ ಪಾಲು), ಕೊಠಡಿ ಮಿತಿಯ ಕಡಿತ, ಮತ್ತು ವಿಮೆ ಕೊಡದ ವಸ್ತುಗಳು. ಕೊನೆಯದಕ್ಕೆ 68 ವಸ್ತುಗಳ ಒಂದು ಪಟ್ಟಿಯೇ ಇದೆ. ಗ್ಲೌಸ್, ಮಾಸ್ಕ್, ಡೈಪರ್, ಥರ್ಮಾಮೀಟರ್, ಕ್ರೇಪ್ ಬ್ಯಾಂಡೇಜ್, ಇಸಿಜಿ ಎಲೆಕ್ಟ್ರೋಡ್, ಫೋಟೋಕಾಪಿ ಎಲ್ಲ ಅದರಲ್ಲಿವೆ. ಪಾಲಿಸಿಗೆ ಕನ್ಸ್ಯೂಮಬಲ್ಸ್ ರೈಡರ್ (ಬಳಸಿ ಎಸೆಯುವ ವಸ್ತುಗಳಿಗಾಗಿ ಕೊಳ್ಳುವ ಹೆಚ್ಚುವರಿ ರಕ್ಷಣೆ) ಸೇರಿಸಿದ್ದರೆ ಇವುಗಳಲ್ಲಿ ಅನೇಕವು ಸಿಗುತ್ತವೆ. ಇನ್ನೊಂದು ಪಟ್ಟಿಯ ಬಗ್ಗೆ ಬಹಳ ಜನರಿಗೆ ಗೊತ್ತಿಲ್ಲ: ಫೈಲ್ ತೆರೆಯುವ ಶುಲ್ಕ, ಡಿಸ್ಚಾರ್ಜ್ ಪ್ರಕ್ರಿಯೆಯ ಶುಲ್ಕ, ಕೈಗೆ ಕಟ್ಟುವ ಹೆಸರುಪಟ್ಟಿ, ಹೌಸ್‌ಕೀಪಿಂಗ್, ಹೊದಿಕೆ, ಪಲ್ಸ್ ಆಕ್ಸಿಮೀಟರ್ ಇವೆಲ್ಲ ಕೊಠಡಿ ಬಾಡಿಗೆಯಲ್ಲೇ ಸೇರಬೇಕಾದವು. ಅವನ್ನು ಬೇರೆ ಬೇರೆಯಾಗಿ ನಿಮ್ಮ ತಲೆಗೆ ಕಟ್ಟಿದ್ದರೆ ಈ ಪಟ್ಟಿಯನ್ನು ನೆನಪಿಸಿ.

ಹಂತ 6: ಹಣ ಸಾಲದಿದ್ದರೆ

ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದವರೆಗೆ, ಸರ್ಕಾರ ಕೊಡುತ್ತದೆ. ಯೋಜಿತ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕಾಗುತ್ತದೆ, ತುರ್ತು ಸ್ಥಿತಿಗೆ ಬೇಡ. ನೋಂದಾಯಿತ ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ‘ಆರೋಗ್ಯ ಮಿತ್ರ’ರನ್ನು ದಾಖಲಾದ ದಿನವೇ ಕಾಣಿ. ಬಿಲ್ ಆದ ಮೇಲೆ ಪಡಿತರ ಚೀಟಿ ತೋರಿಸಿದರೆ ಪ್ರಯೋಜನವಿಲ್ಲ. ಆಯುಷ್ಮಾನ್ ಭಾರತ್ ನಿಯಮದಲ್ಲಿ ಡಿಸ್ಚಾರ್ಜ್ ನಂತರದ 15 ದಿನಗಳ ಔಷಧಿ, ಪರೀಕ್ಷೆಗಳೂ ಸೇರಿವೆ ಎಂಬುದನ್ನು ಹೊರಡುವಾಗ ಮರೆಯಬೇಡಿ. ಮಾಹಿತಿಗೆ 104 ಮತ್ತು 14555.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ, ಕಾರ್ಮಿಕರಿಗೆ ಇಎಸ್ಐ ಇವೆ. ಕರಾವಳಿಯ ಅನೇಕ ಮನೆಗಳಲ್ಲಿ ಮಣಿಪಾಲ ಆರೋಗ್ಯ ಕಾರ್ಡ್ ಇರುತ್ತದೆ. ಅದು ವಿಮೆಯಲ್ಲ, ರಿಯಾಯಿತಿ ಕಾರ್ಡ್. ಯಾವುದೂ ಇಲ್ಲದವರು ಆಸ್ಪತ್ರೆಯ ವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಭೇಟಿ ಮಾಡಿ ರಿಯಾಯಿತಿ ಕೇಳಬಹುದು. ಕೇಳುವುದರಲ್ಲಿ ನಾಚಿಕೆ ಬೇಡ, ದೊಡ್ಡ ಆಸ್ಪತ್ರೆಗಳಲ್ಲಿ ಆ ವಿಭಾಗ ಇರುವುದೇ ಅದಕ್ಕೆ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕುವ ಯೋಚನೆ ಇದ್ದರೆ ಅಂತಿಮ ಬಿಲ್, ಸಮ್ಮರಿಗಳ ಮೂಲ ಪ್ರತಿ ಜೋಪಾನ.

ಬಿಲ್ ಬಾಕಿ ಇದೆ ಎಂದು ರೋಗಿಯನ್ನು ಕೂಡಿಹಾಕುವ ಅಧಿಕಾರ ಯಾವ ಆಸ್ಪತ್ರೆಗೂ ಇಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಪತ್ರ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಬಾಕಿ ವಸೂಲಿಗೆ ಆಸ್ಪತ್ರೆಗೆ ಬೇರೆ ಕಾನೂನು ದಾರಿಗಳಿವೆ. ರೋಗಿ ತೀರಿಕೊಂಡಿದ್ದರಂತೂ ಬಾಕಿಗಾಗಿ ಶವವನ್ನು ತಡೆಹಿಡಿಯುವಂತಿಲ್ಲ ಎಂದು ಕೆಪಿಎಂಇ ಕಾಯ್ದೆಯ 2017ರ ತಿದ್ದುಪಡಿ ಹೇಳುತ್ತದೆ.

ಹಂತ 7: ಹಣ ಕಟ್ಟುವುದು, ಕಾಗದ ಪಡೆಯುವುದು

ಊರಿನಿಂದ ನಗದು ಕಟ್ಟು ತಂದಿದ್ದರೆ ಗಮನಿಸಿ: ಒಂದೇ ಚಿಕಿತ್ಸೆಗೆ ಸಂಬಂಧಿಸಿದಂತೆ ಒಬ್ಬರಿಂದ 2 ಲಕ್ಷ ರೂಪಾಯಿ ಅಥವಾ ಹೆಚ್ಚನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ನಾಲ್ಕು ದಿನಕ್ಕೆ ಹಂಚಿ ಕಟ್ಟಿದರೂ ಅದು ಒಂದೇ ಲೆಕ್ಕ. ಆಸ್ಪತ್ರೆಗಳಿಗೆ ಯುಪಿಐ ಮಿತಿಯನ್ನು 5 ಲಕ್ಷಕ್ಕೆ ಏರಿಸಲಾಗಿದೆ, ಆದರೆ ನಿಮ್ಮ ಬ್ಯಾಂಕಿನ ಮಿತಿ ಕಡಿಮೆ ಇರಬಹುದು. ಹಿಂದಿನ ದಿನವೇ ವಿಚಾರಿಸಿ. ಬ್ಯಾಂಕ್ ಮೂಲಕ ಕಟ್ಟುವುದರಲ್ಲಿ ಇನ್ನೊಂದು ಲಾಭವಿದೆ: ವಿಮೆಯೇ ಇಲ್ಲದ 60 ದಾಟಿದ ತಂದೆತಾಯಿಯ ವೈದ್ಯಕೀಯ ವೆಚ್ಚಕ್ಕೆ ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 50,000 ರೂಪಾಯಿವರೆಗೆ ವಿನಾಯಿತಿ ಸಿಗುತ್ತದೆ, ನಗದಾಗಿ ಕಟ್ಟಿದ್ದಕ್ಕೆ ಸಿಗುವುದಿಲ್ಲ.

ಹೊರಡುವ ಮೊದಲು ಕೈಯಲ್ಲಿರಬೇಕಾದವು: ಸಹಿ, ಮೊಹರು ಇರುವ ಸಮ್ಮರಿ; ವಿವರವಾದ ಅಂತಿಮ ಬಿಲ್; ಕಟ್ಟಿದ ಎಲ್ಲ ಹಣದ ರಸೀದಿ; ಲ್ಯಾಬ್ ವರದಿಗಳು; ಸ್ಕ್ಯಾನ್, ಎಕ್ಸ್‌ರೇ ಫಿಲ್ಮ್ ಅಥವಾ ಸಿಡಿ; ವಿಮೆಯ ಅಂತಿಮ ಒಪ್ಪಿಗೆ ಪತ್ರ; ಅಪಘಾತವಾಗಿದ್ದರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ) ಪ್ರತಿ. ಅಡ್ವಾನ್ಸಿನಲ್ಲಿ ಉಳಿದ ಹಣ ಯಾವಾಗ, ಯಾವ ಖಾತೆಗೆ ಬರುತ್ತದೆ ಎಂದು ಬರೆಸಿಕೊಳ್ಳಿ. ಇಡೀ ಕೇಸ್ ಶೀಟಿನ ಪ್ರತಿ ಬೇಕಿದ್ದರೆ ಲಿಖಿತವಾಗಿ ಕೇಳಿ, 72 ಗಂಟೆಯೊಳಗೆ ಕೊಡಬೇಕು.

ಮನೆಗೆ ಬೇಕಾದ ಔಷಧಿಯನ್ನು ಆಸ್ಪತ್ರೆಯ ಅಂಗಡಿಯಲ್ಲೇ ಕೊಳ್ಳಬೇಕೆಂದಿಲ್ಲ. ನಿಮ್ಮೂರಿನಲ್ಲಿ ಸಿಗದ ಔಷಧಿಯನ್ನು ಮಾತ್ರ ಅಲ್ಲಿ ಕೊಂಡು, ಉಳಿದದ್ದನ್ನು ಹೊರಗೆ, ಸಾಧ್ಯವಾದರೆ ಜನೌಷಧಿ ಕೇಂದ್ರದಲ್ಲಿ ಕೊಳ್ಳಿ. ಕೊನೆಗೆ ರೋಗಿಯ ಕೈಯ ಕ್ಯಾನುಲಾ (ಡ್ರಿಪ್ ಹಾಕಲು ರಕ್ತನಾಳಕ್ಕೆ ಚುಚ್ಚಿದ ಸಣ್ಣ ಕೊಳವೆ) ತೆಗೆದಿದ್ದಾರೆಯೇ ನೋಡಿ. ನಗಬೇಡಿ, ಅದನ್ನು ಕೈಯಲ್ಲೇ ಇಟ್ಟುಕೊಂಡು ಮನೆಗೆ ಬಂದವರಿದ್ದಾರೆ.

ಹಂತ 8: ಮನೆ

ಮಹಡಿಯ ಮನೆ, ಲಿಫ್ಟ್ ಇಲ್ಲ, ಭಾರತೀಯ ಶೈಲಿಯ ಶೌಚಾಲಯ. ಮಂಡಿ, ಸೊಂಟದ ಶಸ್ತ್ರಚಿಕಿತ್ಸೆಯಾದವರಿಗೆ ಈ ಮೂರೇ ಸಾಕು ಕಷ್ಟಕ್ಕೆ. ಕಮೋಡ್ ಕುರ್ಚಿ, ವಾಕರ್, ಆಸ್ಪತ್ರೆ ಮಂಚ, ಗಾಳಿ ಹಾಸಿಗೆ ಎಲ್ಲವೂ ನಗರಗಳಲ್ಲಿ ತಿಂಗಳ ಬಾಡಿಗೆಗೆ ಸಿಗುತ್ತವೆ. ರೋಗಿ ಬರುವ ಮೊದಲೇ ತರಿಸಿ ಜೋಡಿಸಿಡಿ. ಹಳೆಯ ಮನೆಗಳ ಕೆಂಪು ರೆಡ್ ಆಕ್ಸೈಡ್ ನೆಲ ಒದ್ದೆಯಾದರೆ ವಿಪರೀತ ಜಾರುತ್ತದೆ, ಬಚ್ಚಲಿಗೆ ಜಾರದ ಚಾಪೆಯೂ ಹಿಡಿದುಕೊಳ್ಳಲು ಕಂಬಿಯೂ ಬೇಕು. ಮನೆಯಲ್ಲಿ ಆಕ್ಸಿಜನ್ ಯಂತ್ರ ಇಡುವುದಾದರೆ ಕರೆಂಟ್ ಹೋದಾಗ ಏನು ಎಂದು ಯೋಚಿಸಿ. ಮಳೆಗಾಲದ ಮಲೆನಾಡಿನಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಯುಪಿಎಸ್ ಜೊತೆಗೆ ಒಂದು ಸಿಲಿಂಡರ್ ಇರಲೇಬೇಕು. ಇನ್ಸುಲಿನ್ ಫ್ರಿಜ್ಜಿನ ಸಾಮಾನ್ಯ ಭಾಗದಲ್ಲಿರಲಿ, ಫ್ರೀಜರಿನಲ್ಲಿ ಬೇಡ.

ಪಥ್ಯದ ವಿಷಯದಲ್ಲಿ ಪ್ರತಿ ನೆಂಟರೂ ವೈದ್ಯರೇ. ಗಾಯ ನಂಜಾಗುತ್ತದೆ ಎಂದು ಬೇಳೆ, ಮೊಸರು, ಮೊಟ್ಟೆ ಎಲ್ಲ ನಿಲ್ಲಿಸಿ ಬರೀ ಗಂಜಿ, ತಿಳಿಸಾರು ಕೊಡುವ ಮನೆಗಳಿವೆ. ಗಾಯ ಮಾಗಲು ಪ್ರೋಟೀನ್ ಬೇಕು. ವೈದ್ಯರು ಬೇಡ ಎನ್ನದಿದ್ದರೆ ನಿಲ್ಲಿಸಬೇಡಿ. ಇನ್ನು ನೋಡಲು ಬರುವವರ ಕೈಯಲ್ಲಿ ಎಳನೀರು ತಪ್ಪದು. ಮೂತ್ರಪಿಂಡದ ತೊಂದರೆ ಇರುವವರಿಗೆ ಅದರಲ್ಲಿನ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ಕೆಡಿಸಬಹುದು. ಬಾಳೆಹಣ್ಣಿನಲ್ಲೂ ಅದೇ ಎಚ್ಚರ ಬೇಕು. ಹೃದಯದ ರೋಗಿಗೆ ಉಪ್ಪಿನಕಾಯಿ, ಹಪ್ಪಳ ಬೇಡ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಒಂದು ದಿನ ರಾಶಿ, ಇನ್ನೊಂದು ದಿನ ಇಲ್ಲವೇ ಇಲ್ಲ ಎಂದು ಮಾಡದೆ ಒಂದೇ ಪ್ರಮಾಣದಲ್ಲಿ ತಿನ್ನಬೇಕು. ಗುಣವಾಯಿತೆಂದು ಆ ಮಾತ್ರೆಯನ್ನೋ ಸ್ಟೆಂಟಿನ ನಂತರದ ಮಾತ್ರೆಗಳನ್ನೋ ತಾವಾಗಿಯೇ ನಿಲ್ಲಿಸಬಾರದು.

ಮೊದಲ ವಾರ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಗಾಯದಿಂದ ಕೀವು ಅಥವಾ ವಾಸನೆ ಬಂದರೆ, ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ, ಮೂತ್ರ ತೀರ ಕಡಿಮೆಯಾದರೆ ಅಂದೇ ವೈದ್ಯರಿಗೆ ತಿಳಿಸಿ. ಎದೆನೋವು, ಉಸಿರಾಟಕ್ಕೆ ಕಷ್ಟ, ಮಾತು ತೊದಲುವುದು, ಮಂಪರು ಕಂಡರೆ ಕಾಯದೆ 108.

ಹಂತ 9: ಮನೆಗೆ ಬಂದ ಮೇಲಿನ ಹಣದ ಕೆಲಸ

ಹೆಚ್ಚಿನ ಪಾಲಿಸಿಗಳು ದಾಖಲಾಗುವ ಮೊದಲಿನ 30 ದಿನ, ನಂತರದ 60 ದಿನಗಳ ಸಂಬಂಧಿತ ವೆಚ್ಚವನ್ನು ಕೊಡುತ್ತವೆ, ಕೆಲವು ಇನ್ನೂ ಹೆಚ್ಚು. ಕ್ಯಾಷ್‌ಲೆಸ್ ಆದವರೂ ಇದನ್ನು ಪಡೆಯಬಹುದು, ಆದರೆ ಬಹಳ ಜನ ಕೇಳುವುದೇ ಇಲ್ಲ. ಪ್ರತಿ ಔಷಧಿ ಬಿಲ್ಲಿಗೂ ವೈದ್ಯರ ಚೀಟಿ, ಪ್ರತಿ ಪರೀಕ್ಷೆಗೂ ವರದಿ ಜೊತೆಗಿರಲಿ.

ಕ್ಲೇಮ್ ತಿರಸ್ಕೃತವಾದರೆ ಅಥವಾ ಕಡಿತ ಹೆಚ್ಚಾದರೆ, ಯಾವ ನಿಯಮದ ಪ್ರಕಾರ ಎಂದು ಲಿಖಿತ ಕಾರಣ ಕೇಳಿ, ಕಂಪನಿಯ ಕುಂದುಕೊರತೆ ವಿಭಾಗಕ್ಕೆ ದೂರು ಕೊಡಿ. ಐಆರ್‌ಡಿಎಐನ ‘ಬಿಮಾ ಭರೋಸಾ’ ಪೋರ್ಟಲ್ ಮತ್ತು 155255 ಸಹಾಯವಾಣಿಯೂ ಇವೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ, ವಿಮೆಯ ದೂರುಗಳನ್ನು ಇತ್ಯರ್ಥಪಡಿಸುವ ವಿಮಾ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಆಸ್ಪತ್ರೆಯ ಮೇಲಿನ ದೂರಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕೆಪಿಎಂಇ ಪ್ರಾಧಿಕಾರ, ಇಲ್ಲವೇ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗ. ಗ್ರಾಹಕ ಸಹಾಯವಾಣಿ 1915.

ಮಕ್ಕಳು ಅಮೆರಿಕದಲ್ಲೋ ದುಬೈನಲ್ಲೋ ಇದ್ದು ತಂದೆತಾಯಿ ಇಲ್ಲಿದ್ದರೆ, ಇವೆಲ್ಲ ಓಡಾಟ ಯಾರ ಹೆಸರಿನಲ್ಲಿ ಎಂಬುದನ್ನು ಮೊದಲೇ ತೀರ್ಮಾನಿಸಿ. ಪಾಲಿಸಿಗೆ ಕೊಟ್ಟ ಮೊಬೈಲ್ ಸಂಖ್ಯೆ ಸಮುದ್ರದಾಚೆಯದ್ದಾದರೆ ಕ್ಲೇಮಿನ ಒಟಿಪಿಯೂ ಕ್ವೆರಿಯ ಎಸ್‌ಎಂಎಸ್ಸೂ ಅಲ್ಲಿಗೇ, ಅವರ ನಡುರಾತ್ರಿಯಲ್ಲಿ ಹೋಗುತ್ತವೆ. ಊರಲ್ಲಿರುವ ನಂಬಿಕೆಯ ಒಬ್ಬರ ಸಂಖ್ಯೆಯನ್ನು ಪಾಲಿಸಿಯಲ್ಲಿ ಸೇರಿಸಿ, ಅವರಿಗೆ ಒಂದು ಅಧಿಕಾರ ಪತ್ರ ಬರೆದುಕೊಡಿ. ಮೂಲ ಕಾಗದಗಳನ್ನು ಕಂಪನಿಗೆ ಕಳಿಸುವ ಮೊದಲು ಪೂರ್ತಿ ಸ್ಕ್ಯಾನ್ ಮಾಡಿಸಿ, ಸ್ವೀಕೃತಿ ಸಂಖ್ಯೆಯನ್ನು ಅದೇ ಫೈಲಿನ ಮೊದಲ ಪುಟದಲ್ಲಿ ಬರೆದಿಡಲು ಅವರಿಗೆ ಹೇಳಿ.